ಪುಳ್ಳೆ ಆರಿಸಿದರೂ ಕಳ್ಳತನ!

ಮಾರ್ಕ್ಸ್ ಅಂದ ಕೂಡಲೇ ನಮಗೆಲ್ಲ ಕಾರ್ಖಾನೆ, ಕಾರ್ಮಿಕ ಸಂಘ, ಕೆಂಪು ಬಾವುಟ ನೆನಪಾಗುತ್ತವೆ. ಆದರೆ ಆತನನ್ನು ಅರ್ಥಶಾಸ್ತ್ರದ ಕಡೆ ಮೊದಲು ಎಳೆದ ಸಂಗತಿಗಳಲ್ಲಿ ಒಂದು, ಕಾಡಿನಲ್ಲಿ ಉದುರಿ ಬಿದ್ದ ಪುಳ್ಳೆ! 1859ರಲ್ಲಿ ಆತನೇ ಕಟ್ಟಿಗೆ ಕಳವಿನ ಚರ್ಚೆಯನ್ನು ನೆನೆಸಿಕೊಂಡಿದ್ದಾನೆ. ಬಂಡವಾಳಶಾಹಿಯ ಬಗ್ಗೆ ದಪ್ಪ ದಪ್ಪ ಪುಸ್ತಕಗಳು ಹೇಳಿದ್ದಕ್ಕಿಂತ ಈ ಪುಳ್ಳೆಯ ಕತೆಯೇ ನನಗೆ ಬೇಗ ಅರ್ಥವಾಯಿತು.

ಜರ್ಮನಿಯ ರೈನ್ ಪ್ರಾಂತ್ಯ ಆಗ ಪ್ರಷ್ಯಾದ ಅರಸೊತ್ತಿಗೆಗೆ ಸೇರಿತ್ತು. ಅಲ್ಲಿನ ಬಡವರು ಕಾಡಿಗೆ ಹೋಗಿ ಒಣ ಕೊಂಬೆ ಆರಿಸಿ ತಂದು ಒಲೆ ಉರಿಸುತ್ತಿದ್ದರು. ತಲೆಮಾರುಗಳಿಂದ ಬಂದ ರೂಢಿ. ಕಟ್ಟಿಗೆಗೆ ಪೇಟೆಯಲ್ಲಿ ಬೆಲೆ ಏರಿದ ಹಾಗೆ ರೂಢಿಯೇ ಅಪರಾಧವಾಗತೊಡಗಿತು. 1836ರಲ್ಲಿ ಪ್ರಷ್ಯಾದಲ್ಲಿ ಹೂಡಿದ 2 ಲಕ್ಷ ಚಿಲ್ಲರೆ ಮೊಕದ್ದಮೆಗಳಲ್ಲಿ ಸುಮಾರು ಒಂದೂವರೆ ಲಕ್ಷ ಕಟ್ಟಿಗೆ ಕಳವು ಮತ್ತಿತರ ಕಾಡಿನ ತಪ್ಪುಗಳವು! ಸಾಲದ್ದಕ್ಕೆ 1841ರಲ್ಲಿ ಪ್ರಾಂತೀಯ ಸಭೆ, ಉದುರಿದ್ದನ್ನು ಆರಿಸುವುದೂ ಕಳ್ಳತನವೇ ಎನ್ನುವ ಮಸೂದೆಯನ್ನು ಚರ್ಚಿಸಿತು.

ಮಾರನೆಯ ವರ್ಷ 24ರ ಹರೆಯದ ಮಾರ್ಕ್ಸ್ ಕಲೋನ್ ನಗರದ 'ರೈನಿಷೆ ಜೈಟುಂಗ್' ಪತ್ರಿಕೆಯಲ್ಲಿ ಇದರ ಬಗ್ಗೆ ಸರಣಿ ಲೇಖನ ಬರೆದ. ನಿಂತ ಮರ ಕಡಿದರೆ ಕಳ್ಳತನ ಅನ್ನಿ. ಮರವೇ ಕಳಚಿ ಹಾಕಿದ ಕೊಂಬೆ ಮಾಲೀಕನದು ಹೇಗಾಯಿತು? ಕಳುವಾದ ಮಾಲಿಗೆ ಬೆಲೆ ಕಟ್ಟುವವನು ಮಾಲೀಕನ ಸಂಬಳ ತಿನ್ನುವ ಕಾವಲುಗಾರ, ದಂಡದ ಹಣ ಸೇರುವುದೂ ಮಾಲೀಕನಿಗೇ. ಅಂದರೆ ಕಳ್ಳತನವೂ ಅವನಿಗೊಂದು ವರಮಾನ, ಸರ್ಕಾರ ಅವನ ವಸೂಲಿ ಗುಮಾಸ್ತ! ಒಂದು ಕಡೆಯಂತೂ ಬಡವರ ಮಕ್ಕಳು ಕಾಡುಹಣ್ಣು ಕೀಳುವುದಕ್ಕೂ ತಡೆ. ಯಾಕೆ ಗೊತ್ತೇ? ಆ ಹಣ್ಣು ಪೀಪಾಯಿಗಟ್ಟಲೆ ಹಾಲೆಂಡಿಗೆ ಹೋಗತೊಡಗಿತ್ತು. 1843ರಲ್ಲಿ ಸರ್ಕಾರ ಪತ್ರಿಕೆಯನ್ನೇ ಮುಚ್ಚಿಸಿತು.

ಹಳೇ ಕತೆ ಅನ್ನಬೇಡಿ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕಾದಲ್ಲಿ ಪೇಟೆಂಟ್ ಸಿಕ್ಕಿತ್ತು. ನಮ್ಮ ಸಿಎಸ್ಐಆರ್ ತಕರಾರು ಹೂಡಿ 1997ರಲ್ಲಿ ಅದನ್ನು ರದ್ದು ಮಾಡಿಸಿತು. ಗೆದ್ದೆವು, ನಿಜ. ಆದರೆ ಗೆಲ್ಲಿಸಿದ್ದು ಹಳೆಯ ಗ್ರಂಥ, ಅಚ್ಚಾದ ಲೇಖನಗಳ ಪುರಾವೆ, ಅಜ್ಜಿಯ ಬಾಯಿಮಾತಲ್ಲ. ಎಲ್ಲೂ ಬರೆದಿಡದ ಮದ್ದುಗಳ ಗತಿ?

ಕೊಡುವವರ, ಕೊಳ್ಳುವವರ ಒಪ್ಪಿಗೆಯಿಂದಲೇ ಮಾರುಕಟ್ಟೆ ನಡೆಯುತ್ತದೆ ಅನ್ನುತ್ತಾರೆ. ಇರಬಹುದು. ಆದರೆ ಒಪ್ಪಿಗೆಯ ಮಾತು ಬರುವ ಮೊದಲೇ ಯಾರೋ ಬೇಲಿ ಹಾಕಿರುತ್ತಾರೆ. ಹಾಕುವಾಗ ಪುಳ್ಳೆ ಆರಿಸುವವಳನ್ನು ಯಾರೂ ಕೇಳಿರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಿಮ್ಮೂರಲ್ಲಿ ಹೀಗೆ ಬೇಲಿಯೊಳಗೆ ಸೇರಿದ್ದು ಏನೇನು? ಕೆರೆಯೋ, ಗೋಮಾಳವೋ, ಬಿತ್ತನೆ ಬೀಜವೋ?