ಕೂಲಿಮಠದಿಂದ ಗಾಳಿಬೀಡಿನವರೆಗೆ: ಎಳೆಯರ ಪರೀಕ್ಷೆಯ ಚರಿತ್ರೆ

ಶ್ರೀಮಠದ ಮಹೋತ್ಸವ ಸಂಪುಟದಲ್ಲಿ ಎಳೆಯ ಮಕ್ಕಳ ಪರೀಕ್ಷೆಯ ಚರಿತ್ರೆಯನ್ನು ಬರೆಯುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಆದರೆ ಕನ್ನಡನಾಡಿನಲ್ಲಿ ಮಠವೆಂಬ ಶಬ್ದಕ್ಕೆ ಶಾಲೆಯೆಂಬ ಅರ್ಥವೂ ಬಹುಕಾಲದಿಂದ ಸಲ್ಲುತ್ತ ಬಂದಿರುವುದು ವಾಚಕರಿಗೆ ವಿದಿತವೇ ಇದೆ. ಊರ ಐಗಳು ಜಗಲಿಯ ಮೇಲೆ ಹುಡುಗರನ್ನು ಕೂಡಿಸಿಕೊಂಡು, ಮರಳಿನಲ್ಲಿ ಅಕ್ಷರವನ್ನು ತಿದ್ದಿಸಿ, ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದ ಸ್ಥಳವೇ ಕೂಲಿಮಠ. ಅಲ್ಲಿ ಪರೀಕ್ಷೆಯೇ ಇರಲಿಲ್ಲವೆಂದು ಹೇಳುವವರುಂಟು, ಅದು ಸರಿಯಲ್ಲ. ಮಹಾನವಮಿ ಬಂದಾಗ ಹುಡುಗರು ಗುರುಗಳೊಡನೆ ಮನೆಮನೆಗೆ ಹೋಗಿ ಚೌಪದವನ್ನು ಹಾಡುತ್ತಿದ್ದರು. ಮನೆಯವರು ಕೇಳಿ ಸಂತೋಷಪಟ್ಟು ಗುರುಗಳಿಗೆ ಕಾಣಿಕೆಯನ್ನೊಪ್ಪಿಸುತ್ತಿದ್ದರು. ಊರೇ ಪರೀಕ್ಷಕ, ಹಾಡೇ ಪ್ರಶ್ನಪತ್ರಿಕೆ, ಕಾಣಿಕೆಯೇ ಫಲಿತಾಂಶ. ಹಾಡಲಾರದ ಹುಡುಗನೂ ಗುಂಪಿನಲ್ಲಿ ಸೇರಿಕೊಂಡು ಹೋಗುತ್ತಿದ್ದನಾದ್ದರಿಂದ ಅವನು ಅನುತ್ತೀರ್ಣನೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಕೊಡಗನ್ನು ಸುಮಾರು ಎರಡು ಶತಮಾನಗಳ ಕಾಲ ಆಳಿದ ಹಾಲೇರಿ ಅರಸರು ವೀರಶೈವರು. ಅವರ ರಾಜ್ಯಭಾರದ ಭಾಷೆ ಕನ್ನಡ. ದೊಡ್ಡವೀರರಾಜೇಂದ್ರನು ಬರೆಯಿಸಿದ ರಾಜೇಂದ್ರನಾಮೆಯೂ ಕನ್ನಡದ್ದೇ. 1834ರಲ್ಲಿ ಚಿಕ್ಕವೀರರಾಜನು ಪದಚ್ಯುತನಾಗಿ ಸೀಮೆಯು ಆಂಗ್ಲರ ವಶವಾದ ಮೇಲೂ ಪಾಠಶಾಲೆಗಳಲ್ಲಿ ಕನ್ನಡವೇ ಮುಂದುವರಿಯಿತು. 1870ರಲ್ಲಿ ಕೊಡಗಿನ ವಿವರಗ್ರಂಥವನ್ನು ಪ್ರಕಟಿಸಿದ ರಿಕ್ಟರ್ ಪಾದ್ರಿಗಳು ಇಲ್ಲಿಯ ಶಾಲೆಗಳ ಇನ್‌ಸ್ಪೆಕ್ಟರರೂ ಆಗಿದ್ದರು. ಇನ್‌ಸ್ಪೆಕ್ಟರ್ ಎಂಬ ಪದದೊಡನೆಯೇ ನಮ್ಮ ಚರಿತ್ರೆಯ ಎರಡನೆಯ ಘಟ್ಟವು ಮೊದಲಾಗುತ್ತದೆ.

ಇಂಗ್ಲೆಂಡಿನಲ್ಲಿ 1862ರಲ್ಲಿ ಒಂದು ಕಟ್ಟಳೆಯು ಜಾರಿಗೆ ಬಂದಿತು. ಇನ್‌ಸ್ಪೆಕ್ಟರರು ಶಾಲೆಗೆ ಬಂದು ಪ್ರತಿಯೊಂದು ಮಗುವನ್ನೂ ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸಬೇಕು. ತೇರ್ಗಡೆಯಾದ ಮಕ್ಕಳ ಲೆಕ್ಕದಂತೆ ಶಾಲೆಗೆ ಸಹಾಯಧನ ಸಲ್ಲಬೇಕು. ಫಲಕ್ಕೆ ತಕ್ಕ ಹಣವೆಂಬ ಈ ಪದ್ಧತಿಯು ಕೆಲವೇ ವರ್ಷಗಳಲ್ಲಿ ಮದರಾಸು ಪ್ರಾಂತಕ್ಕೂ ಬಂದಿತು. ಕೊಡಗಿನ ನೆರೆಯ ದಕ್ಷಿಣ ಕನ್ನಡವು ಆಗ ಆ ಪ್ರಾಂತಕ್ಕೇ ಸೇರಿತ್ತು. 1882ರ ಹಂಟರ್ ಆಯೋಗವು ಸಹಾಯಧನ ಪಡೆಯುವ ಪ್ರಾಥಮಿಕ ಶಾಲೆಗಳಿಗೆ ಇದೇ ಯೋಗ್ಯವೆಂದು ಅನುಮೋದಿಸಿತು. ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಉಪಾಧ್ಯಾಯನ ಅನ್ನವು ಹುಡುಗನ ನಾಲಿಗೆಯ ತುದಿಯಲ್ಲಿ ನಿಂತಿತು. ಬೆತ್ತಕ್ಕೂ ಬಾಯಿಪಾಠಕ್ಕೂ ಬಲ ಬಂದಿತು. ತೇರ್ಗಡೆಯಾಗಲಾರದ ಮಗುವು ಶಾಲೆಗೆ ಭಾರವಾಯಿತು. ಕರ್ಜನ್ ಪ್ರಭುಗಳ ಆಡಳಿತದ 1904ರ ಶಿಕ್ಷಣ ನಿರ್ಣಯವು ಈ ಪದ್ಧತಿಯನ್ನು ಕೈಬಿಟ್ಟಿತು. ಕರ್ಜನ್ನರ ಎಲ್ಲ ಕಾರ್ಯಗಳನ್ನು ನಾವು ಹೊಗಳಲಾರೆವಾದರೂ ಈ ಒಂದಕ್ಕೆ ಋಣಿಗಳಾಗಿರಬೇಕು.

ಮರುವರ್ಷವೇ, ಎಂದರೆ 1905ರಲ್ಲಿ, ಪ್ಯಾರಿಸಿನ ಬಿನೆ ಮತ್ತು ಸಿಮೋನ್ ಎಂಬ ವಿದ್ವಾಂಸರು ಬೇರೊಂದು ಬಗೆಯ ಪರೀಕ್ಷೆಯನ್ನು ರಚಿಸಿದರು. ವಿಶೇಷ ಬೋಧನೆಯು ಬೇಕಾದ ಮಕ್ಕಳನ್ನು ಗುರುತಿಸಿ ನೆರವಾಗುವುದು ಅದರ ಉದ್ದೇಶವಾಗಿತ್ತೇ ಹೊರತು, ಶಾಲೆಗೆ ದಂಡ ವಿಧಿಸುವುದಲ್ಲ. ಆ ಪರೀಕ್ಷೆಯನ್ನು ಕನ್ನಡದ ಮಕ್ಕಳಿಗೆ ಒಗ್ಗಿಸಿದವರು ವಿ. ವಿ. ಕಾಮತರು. ಅವರು ಧಾರವಾಡದ ಕನ್ನಡ ಮತ್ತು ಮರಾಠಿ ಮಕ್ಕಳಲ್ಲಿ ಪ್ರಯೋಗಿಸಿ ಸಿದ್ಧಪಡಿಸಿದ ಮುಂಬಯಿ-ಕರ್ನಾಟಕ ಪರಿಷ್ಕರಣವು 1940ರಲ್ಲಿ ಗ್ರಂಥರೂಪವನ್ನು ತಾಳಿತು. ಪರದೇಶದ ಪ್ರಶ್ನೆಯನ್ನು ಭಾಷಾಂತರಿಸಿದ ಮಾತ್ರದಿಂದ ಸಾಲದು, ಯಾವ ವಯಸ್ಸಿನ ಮಗುವು ಯಾವುದಕ್ಕೆ ಉತ್ತರಿಸಬಲ್ಲದೆಂಬುದನ್ನು ಈ ನೆಲದ ಮಕ್ಕಳಿಂದಲೇ ಕೇಳಿ ತಿಳಿಯಬೇಕು, ಎಂಬ ವಿವೇಕವು ಅದರಲ್ಲಿತ್ತು.

ಈ ವಿವೇಕವು ಕೊಡಗಿನಲ್ಲಿ ವಿಶೇಷವಾಗಿ ಬೇಕಾದುದು. ಇಲ್ಲಿ ಒಂದೇ ತರಗತಿಯಲ್ಲಿ ಕೊಡವತಕ್ಕು, ಅರೆಭಾಷೆ, ತುಳು, ಮಲೆಯಾಳ, ಎರವ, ಕುರುಬರ ನುಡಿಗಳನ್ನು ಮನೆಯಲ್ಲಾಡುವ ಮಕ್ಕಳು ಕುಳಿತಿರಬಹುದು. ಕನ್ನಡದ ಪ್ರಶ್ನಪತ್ರಿಕೆಯ ಮುಂದೆ ತಡವರಿಸುವ ಮಗುವಿಗೆ ಲೆಕ್ಕವು ಬಾರದೋ, ಲೆಕ್ಕವನ್ನು ಕೇಳಿದ ವಾಕ್ಯವು ಬಾರದೋ ಎಂಬುದನ್ನು ಅಂಕವು ತಿಳಿಸುವುದಿಲ್ಲ. ಮಳೆಯ ಮಾತಂತೂ ಬೇರೆ. 2018ರ ಆಗಸ್ಟ್ ತಿಂಗಳಿನಲ್ಲಿ ಗಾಳಿಬೀಡು, ಕಾಲೂರು, ಮಕ್ಕಂದೂರುಗಳ ಸುತ್ತಣ ಗುಡ್ಡಗಳು ಕುಸಿದು, ಅನೇಕ ಕುಟುಂಬಗಳು ಪರಿಹಾರ ಕೇಂದ್ರಗಳಲ್ಲಿ ದಿನಗಳೆದುವು. ಆ ವರ್ಷದ ಅಂಕಗಳನ್ನು ಬಯಲುಸೀಮೆಯ ಅಂಕಗಳ ಪಕ್ಕದಲ್ಲಿಟ್ಟು ಹೋಲಿಸುವವನು ಗುಡ್ಡದ ಚರಿತ್ರೆಯನ್ನೂ ಓದಿರಬೇಕು.

ಪರೀಕ್ಷೆಗಳಲ್ಲಿ ತಕ್ಕಡಿಯ ಜಾತಿಯವೂ ಜರಡಿಯ ಜಾತಿಯವೂ ಉಂಟು. 2017ರಲ್ಲಿಯೂ 2021ರಲ್ಲಿಯೂ ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯು ತಕ್ಕಡಿ. ಅದು ಆಯ್ದ ಕೆಲವು ಶಾಲೆಗಳ ಮಕ್ಕಳಿಂದ ಜಿಲ್ಲೆಯ ಕಲಿಕೆಯನ್ನು ತೂಗುತ್ತದೆ. ಯಾವ ಮಗುವಿನ ಹೆಸರನ್ನೂ ಎತ್ತುವುದಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಯು ಮುಗಿಯುವವರೆಗೆ ಮಗುವಿಗೆ ಬೋರ್ಡ್ ಪರೀಕ್ಷೆಯ ಬಂಧನವಿಲ್ಲವೆಂದಿತು. ಆದರೆ 2019ರ ತಿದ್ದುಪಡಿಯು ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಗೆ ಎಡೆಗೊಟ್ಟಿತು. ನಮ್ಮ ರಾಜ್ಯದಲ್ಲಿ ಈ ತರಗತಿಗಳಿಗೆ 2023ರ ಮಾರ್ಚ್ 27ರಿಂದ ಏಕರೂಪದ ಮೌಲ್ಯಾಂಕನವು ನಡೆಯಿತು. ಮರುವರ್ಷದ ಪರೀಕ್ಷೆಯು ಉಚ್ಚ ನ್ಯಾಯಾಲಯದಲ್ಲಿ ಒಮ್ಮೆ ರದ್ದಾಗಿ, ಮತ್ತೆ ಅನುಮತಿಯನ್ನು ಪಡೆದು, ಕೊನೆಗೆ 2024ರ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು ಫಲಿತಾಂಶಕ್ಕೆ ತಡೆಯಿತ್ತಿತು. ಹತ್ತು ವರ್ಷದ ಮಗುವಿನ ಉತ್ತರಪತ್ರಿಕೆಯು ದೆಹಲಿಯ ನ್ಯಾಯಪೀಠದವರೆಗೂ ಪ್ರಯಾಣ ಮಾಡಿದುದು ಐಗಳ ಕಾಲದವರಿಗೆ ನಂಬಲಾಗದ ಸಂಗತಿ.

ಜರಡಿಯ ಜಾತಿಯ ಪರೀಕ್ಷೆಗೂ ಗಾಳಿಬೀಡಿಗೂ ನಿಕಟವಾದ ಸಂಬಂಧವಿದೆ. ಮಡಿಕೇರಿಗೆ ಸಮೀಪದ ಈ ಗ್ರಾಮದಲ್ಲಿಯೇ ಕೊಡಗು ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವಿರುವುದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಬೆಳೆದ ಈ ವಸತಿ ಶಾಲೆಗಳಿಗೆ ಐದನೆಯ ತರಗತಿಯಲ್ಲಿ ಓದುವ ಮಕ್ಕಳು ಆಯ್ಕೆಯ ಪರೀಕ್ಷೆಯನ್ನು ಬರೆದು ಆರನೆಯ ತರಗತಿಗೆ ಸೇರುವರು. ಎರಡು ಗಂಟೆಗಳ ಅವಧಿ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ; ಅಂಕಗಣಿತಕ್ಕೂ ಭಾಷೆಗೂ ಇಪ್ಪತ್ತಿಪ್ಪತ್ತು. ಒಂದು ವಿದ್ಯಾಲಯಕ್ಕೆ ಹೆಚ್ಚೆಂದರೆ 80 ಮಕ್ಕಳು. ಸ್ಥಾನಗಳಲ್ಲಿ ಮುಕ್ಕಾಲು ಪಾಲಿಗೆ ಕಡಮೆಯಿಲ್ಲದಂತೆ ಗ್ರಾಮೀಣರಿಗೆ. ಕನ್ನಡದಲ್ಲಿಯೂ ಬರೆಯಬಹುದು. ಮಾನಸಿಕ ಸಾಮರ್ಥ್ಯದ ಭಾಗವು ಆಕೃತಿಗಳಿಂದ ಕೂಡಿರುವುದರಿಂದ ಮನೆಮಾತಿನ ಅಂತರವು ಅಲ್ಲಿ ಅಷ್ಟಾಗಿ ಬಾಧಿಸದು. ಆದಕಾರಣ ತೋಟದ ಕೂಲಿಯವನ ಮಗಳಿಗೂ ಇಲ್ಲಿ ಬಾಗಿಲು ತೆರೆದಿದೆ. ಸಣ್ಣ ಮಾತಲ್ಲ ಇದು.

ಆದರೂ ಈ ಜರಡಿಯನ್ನೇ ತಕ್ಕಡಿಯೆಂದು ಹಿಡಿಯುವವರನ್ನು ನಾವು ಕಾಣುತ್ತೇವೆ. ಎಷ್ಟು ಮಕ್ಕಳು ನವೋದಯಕ್ಕೆ ಹೋದರೆಂದು ಕೇಳಿ ಹಳ್ಳಿಯ ಶಾಲೆಯ ಯೋಗ್ಯತೆಯನ್ನು ನಿರ್ಣಯಿಸುವವರು, 1862ರ ಕಟ್ಟಳೆಯನ್ನೇ ಬೇರೊಂದು ವೇಷದಲ್ಲಿ ಕರೆತರುತ್ತಿದ್ದಾರೆ. ಜಿಲ್ಲೆಗೆಲ್ಲ ಎಂಬತ್ತೇ ಸ್ಥಾನಗಳಿರುವಾಗ, ಎಲ್ಲ ಶಾಲೆಗಳೂ ಏಕಕಾಲದಲ್ಲಿ ಉತ್ತಮಗೊಂಡರೂ ಆಯ್ಕೆಯಾಗುವವರು ಎಂಬತ್ತೇ ಮಂದಿ. ಒಮ್ಮೆ ಬರೆದ ಮಗುವಿಗೆ ಮತ್ತೊಮ್ಮೆ ಬರೆಯುವ ಅವಕಾಶವೂ ಇಲ್ಲ. ಪಟ್ಟಿಯು ಪ್ರಕಟವಾದ ಮೇಲೆ ಒಂದು ಹೆಸರು ಹಾಜರಿಯ ಪುಸ್ತಕದಿಂದ ಇಳಿಯುತ್ತದೆ. ಅದೇ ಬೆಂಚಿನ ಉಳಿದ ಮಕ್ಕಳು ಜೂನ್ ತಿಂಗಳಿನ ಮಳೆಯಲ್ಲಿ ಕೊಡೆ ಹಿಡಿದು ಆರನೆಯ ತರಗತಿಗೆ ಬರುತ್ತಾರೆ. ಅವರಿಗೆ ಭಾಗಾಕಾರವು ಬರುವುದೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೆ, ಉಪಾಧ್ಯಾಯರು ಸ್ಲೇಟನ್ನು ಕೊಟ್ಟು ಪಕ್ಕದಲ್ಲಿ ಕುಳಿತು ನೋಡಬೇಕಾಗುತ್ತದೆ.