ಬೇಕಾದ ಮೇಲ್‌ಗೆ ನಿಯಮ, ಬೇಡದ್ದಕ್ಕೆ ಫಿಲ್ಟರ್

ಯಾವ ಮೇಲ್‌ಬಾಕ್ಸ್ ತೆರೆದರೂ ಅದರ ಹಿಂದೆ ಎರಡು ಏರ್ಪಾಡುಗಳು ಕೆಲಸ ಮಾಡುತ್ತಿರುತ್ತವೆ. ಒಂದು, ಜಂಕ್ ಫಿಲ್ಟರ್. ಬಂದ ಮೇಲ್ ಕಸವೋ ಅಲ್ಲವೋ ಎಂದು ಅಂದಾಜು ಮಾಡುವುದು ಅದರ ಕೆಲಸ. ಇನ್ನೊಂದು, ‘ಇಂಥವರಿಂದ ಬಂದರೆ ಇಂಥ ಫೋಲ್ಡರಿಗೆ ಹಾಕು’ ಎಂದು ನಾವೇ ಬರೆದಿಡುವ ನಿಯಮ. ಮೊದಲನೆಯದು ಊಹಿಸುತ್ತದೆ, ಎರಡನೆಯದು ಹೇಳಿದಷ್ಟನ್ನೇ ಮಾಡುತ್ತದೆ. ಮೈಸೂರಿನಲ್ಲಿ ಕೂತು ಮುಕ್ತ ವಿಶ್ವವಿದ್ಯಾನಿಲಯದ ಪರೀಕ್ಷೆಯ ಸೂಚನೆಗೋ ಕಂಪನಿಯೊಂದರ ಸಂದರ್ಶನದ ಕರೆಗೋ ಕಾಯುತ್ತಿರುವವರಿಗೆ ಈ ಎರಡರ ಹೊಂದಾಣಿಕೆ ಸಣ್ಣ ವಿಷಯವಲ್ಲ. ಕಾಯುತ್ತಿದ್ದ ಮೇಲ್ ಸ್ಪ್ಯಾಮ್ ಫೋಲ್ಡರಿಗೆ ಬಿದ್ದು, ಕೊನೆಯ ದಿನಾಂಕ ದಾಟಿದ ಮೇಲೆ ಕಣ್ಣಿಗೆ ಬಿದ್ದರೆ ಏನೂ ಉಪಯೋಗವಿಲ್ಲ. ಈ ಕ್ಷೇತ್ರದ ಇತಿಹಾಸ ತಿರುವಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಬೇಡದ್ದನ್ನು ಓಡಿಸಲು ಬರೆದ ನಿಯಮಗಳು ಸೋತವು, ಬೇಕಾದ್ದನ್ನು ಉಳಿಸಿಕೊಳ್ಳಲು ಬರೆದವು ಇಂದಿಗೂ ಬಾಳುತ್ತಿವೆ.

ಮೊದಲ ಕಾಟ, ಮೊದಲ ನಿಯಮ

ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೊದಲ ಮೇಲ್ ಕಳಿಸಿದರು. ಏಳೇ ವರ್ಷಕ್ಕೆ ಅದರ ದುರುಪಯೋಗವೂ ಶುರುವಾಯಿತು. 1978ರ ಮೇ ತಿಂಗಳಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥರ್ಕ್, ತಮ್ಮ ಕಂಪನಿಯ ಹೊಸ ಕಂಪ್ಯೂಟರುಗಳ ಪ್ರದರ್ಶನಕ್ಕೆ ಬನ್ನಿ ಎಂದು ಇಂಟರ್ನೆಟ್ಟಿನ ಪೂರ್ವಜಾಲ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಒಟ್ಟಿಗೇ ಸಂದೇಶ ಕಳಿಸಿದರು. ಬೈಗುಳ ಬಂತು, ವ್ಯಾಪಾರವೂ ಆಯಿತು. 1994ರಲ್ಲಿ ಅಮೆರಿಕದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್ ಗ್ರೀನ್‌ಕಾರ್ಡ್ ಲಾಟರಿಯ ಜಾಹೀರಾತನ್ನು ಚರ್ಚಾ ಜಾಲವಾದ ಯೂಸ್‌ನೆಟ್‌ನ ಸಾವಿರಾರು ಗುಂಪುಗಳಿಗೆ ಸುರಿದಾಗ ಇದು ದಂಧೆಯಾಗಬಹುದೆಂದು ಎಲ್ಲರಿಗೂ ಗೊತ್ತಾಯಿತು.

ನಮ್ಮ ಕಡೆ 1986ರಲ್ಲಿ ಶುರುವಾದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಆದರೆ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ, 1995ರ ಆಗಸ್ಟ್ 15ರಿಂದ. ಮೈಸೂರಿನ ಮನೆಗಳಿಗೆ ಮೇಲ್ ಬರುವ ಹೊತ್ತಿಗೆ ಸ್ಪ್ಯಾಮ್ ಹುಟ್ಟಿ ಬೆಳೆದಾಗಿತ್ತು.

ಯುನಿಕ್ಸ್ ಬಳಸುವವರ ಕೈಗೆ 90ರ ದಶಕದ ಆರಂಭದಲ್ಲೇ ಪ್ರಾಕ್‌ಮೇಲ್ ಎಂಬ ಸಲಕರಣೆ ಬಂದಿತ್ತು. ಸ್ಟೀಫನ್ ವ್ಯಾನ್ ಡೆನ್ ಬರ್ಗ್ ಬರೆದ ಈ ಪ್ರೋಗ್ರಾಂ, ಬಂದ ಪ್ರತಿ ಮೇಲನ್ನೂ ಬಳಕೆದಾರ ಬರೆದಿಟ್ಟ ನಿಯಮಗಳೊಡನೆ ಮೇಲಿನಿಂದ ಕೆಳಕ್ಕೆ ಹೋಲಿಸುತ್ತಿತ್ತು. ಹೊಂದಿದ ಮೊದಲ ನಿಯಮದ ಪ್ರಕಾರ ಮೇಲ್ ಒಂದು ಫೋಲ್ಡರಿಗೆ ಹೋದರೆ ಅಲ್ಲಿಗೆ ಕಥೆ ಮುಗಿಯಿತು. ಜನ ಇದನ್ನೇ ಸ್ಪ್ಯಾಮ್ ತಡೆಯಲು ಹೂಡಿದರು. ವಿಷಯದ ಸಾಲಿನಲ್ಲಿ ‘ಉಚಿತ’ ಎಂದಿದ್ದರೆ ಕಸದ ಬುಟ್ಟಿಗೆ ಎಂದು ಬರೆದರೆ, ಕಳಿಸುವವರು ಅಕ್ಷರಗಳ ನಡುವೆ ಚುಕ್ಕಿ ಇಟ್ಟರು, ಒಂದಕ್ಷರ ತೆಗೆದು ಅಂಕಿ ಹಾಕಿದರು. ಅದೇ ನಿಯಮಕ್ಕೆ ಸಿಕ್ಕು ಉಚಿತ ಆರೋಗ್ಯ ತಪಾಸಣಾ ಶಿಬಿರದ ಆಹ್ವಾನವೂ ಬುಟ್ಟಿ ಸೇರಿತು. ಪಟ್ಟಿ ಉದ್ದವಾದಷ್ಟೂ ತಪ್ಪು ಹೆಚ್ಚಿತು.

ಪಟ್ಟಿಯಿಂದ ಅಂಕಕ್ಕೆ

ಇನ್ನೊಂದು ದಾರಿ, ಕಳಿಸುವ ಸರ್ವರನ್ನೇ ಕಪ್ಪುಪಟ್ಟಿಗೆ ಸೇರಿಸುವುದು. 1997ರ ಹೊತ್ತಿಗೆ ಪಾಲ್ ವಿಕ್ಸಿಯ ಪಟ್ಟಿ, 1998ರಲ್ಲಿ ಸ್ಟೀವ್ ಲಿನ್‌ಫರ್ಡ್ ಶುರುಮಾಡಿದ ಸ್ಪ್ಯಾಮ್‌ಹೌಸ್ ಈ ಕೆಲಸಕ್ಕಿಳಿದವು. ಪರಿಣಾಮ ದೊಡ್ಡದೇ. ಆದರೆ ಒಬ್ಬ ಗ್ರಾಹಕನ ತಪ್ಪಿಗೆ ಅದೇ ಸರ್ವರ್ ಬಳಸುವ ನಿರಪರಾಧಿಗಳ ಮೇಲೂ ತಡೆ ಬೀಳುತ್ತಿತ್ತು.

2001ರಲ್ಲಿ ಜಸ್ಟಿನ್ ಮೇಸನ್ ಹೊರತಂದ ಸ್ಪ್ಯಾಮ್‌ಅಸ್ಯಾಸಿನ್ ಯೋಚನೆಯ ದಾರಿಯನ್ನೇ ಬದಲಿಸಿತು. ಒಂದು ಲಕ್ಷಣ ಕಂಡ ಕೂಡಲೇ ತೀರ್ಪು ಕೊಡುವ ಬದಲು ಅದು ಅಂಕ ಹಾಕುತ್ತದೆ. ವಿಷಯದ ಸಾಲು ಪೂರ್ತಿ ದೊಡ್ಡಕ್ಷರದಲ್ಲಿದ್ದರೆ ಇಷ್ಟು, ಸರ್ವರ್ ಕಪ್ಪುಪಟ್ಟಿಯಲ್ಲಿದ್ದರೆ ಇಷ್ಟು ಎಂದು ಕೂಡುತ್ತಾ ಹೋಗಿ, ಮೊತ್ತ 5 ಮುಟ್ಟಿದರೆ ಸ್ಪ್ಯಾಮ್ ಎನ್ನುತ್ತದೆ. ಮುಖ್ಯವಾದದ್ದು ಮುಂದಿನದು: ಅದು ಮೇಲನ್ನು ತಾನಾಗಿ ಎಸೆಯುವುದಿಲ್ಲ, ತಲೆಸಾಲಿನಲ್ಲಿ ಒಂದು ಗುರುತು ಹಾಕಿ ಮುಂದಕ್ಕೆ ಬಿಡುತ್ತದೆ. ಆ ಗುರುತನ್ನು ನೋಡಿ ಏನು ಮಾಡಬೇಕೆಂಬುದು ಪ್ರಾಕ್‌ಮೇಲ್ ನಿಯಮಕ್ಕೆ ಬಿಟ್ಟದ್ದು. ಊಹಿಸುವ ಕೆಲಸ ಒಬ್ಬರದು, ವಿಂಗಡಿಸುವ ಕೆಲಸ ಇನ್ನೊಬ್ಬರದು ಎಂಬ ಹಂಚಿಕೆ ಗಟ್ಟಿಯಾದದ್ದು ಇಲ್ಲಿಂದ.

ಈ ಮಧ್ಯೆ ಇನ್ನೊಂದು ಧಾರೆ ಬೆಳೆಯಿತು. ಮೆಹ್ರಾನ್ ಸಹಾಮಿ ಮತ್ತು ಸಂಗಡಿಗರು 1998ರಲ್ಲಿ ಬೇಯ್ಸ್ ಸಂಭವನೀಯತೆಯ ಲೆಕ್ಕದಿಂದ ಜಂಕ್ ಮೇಲ್ ಗುರುತಿಸುವ ಬಗ್ಗೆ ಪ್ರಬಂಧ ಬರೆದಿದ್ದರು. 2002ರಲ್ಲಿ ಪಾಲ್ ಗ್ರಹಾಂ ಬರೆದ ಲೇಖನ ಅದನ್ನು ಮನೆಮಾತು ಮಾಡಿತು. ಲೆಕ್ಕ ಸರಳ. ಒಂದು ಪದ ನೂರು ಸ್ಪ್ಯಾಮ್‌ಗಳಲ್ಲಿ 80ರಲ್ಲೂ, ನೂರು ಒಳ್ಳೆಯ ಮೇಲ್‌ಗಳಲ್ಲಿ 2ರಲ್ಲೂ ಇದೆ ಎನ್ನಿ. ಎರಡೂ ಬಗೆಯ ಮೇಲ್ ಸಮವಾಗಿ ಬರುತ್ತಿದ್ದರೆ, ಆ ಪದವಿರುವ ಮೇಲ್ ಸ್ಪ್ಯಾಮ್ ಆಗಿರುವ ಸಂಭವ ಸುಮಾರು 98%. ಹೀಗೆ ಹತ್ತಾರು ಪದಗಳ ಸಂಭವವನ್ನು ಕೂಡಿಸಿ ತೀರ್ಮಾನ. ಯಾವ ಪದ ಕೆಟ್ಟದ್ದೆಂದು ಯಾರೂ ಬರೆದುಕೊಡಬೇಕಿಲ್ಲ, ಫಿಲ್ಟರೇ ಬಳಕೆದಾರನ ಮೇಲ್ ನೋಡಿ ಕಲಿಯುತ್ತದೆ. ಆದರೆ ಕಲಿಯಲು ಎರಡೂ ಬಗೆ ಬೇಕು. ಸ್ಪ್ಯಾಮ್‌ಅಸ್ಯಾಸಿನ್‌ನ ಬೇಯ್ಸ್ ಭಾಗ ಕನಿಷ್ಠ 200 ಕೆಟ್ಟ, 200 ಒಳ್ಳೆಯ ಮೇಲ್ ಕಾಣುವ ತನಕ ಬಾಯಿಯನ್ನೇ ಬಿಡುವುದಿಲ್ಲ. ಕಸವನ್ನು ಮಾತ್ರ ತೋರಿಸುತ್ತಾ ಹೋದರೆ ಅದಕ್ಕೆ ಎಲ್ಲವೂ ಕಸವಾಗಿಯೇ ಕಾಣುತ್ತದೆ.

ಯಾರು ಮೊದಲು?

ಕಂಪ್ಯೂಟರಿನಲ್ಲಿ ಮೇಲ್ ಓದುವ ತಂತ್ರಾಂಶ ಥಂಡರ್‌ಬರ್ಡ್‌ನ 1.0 ಆವೃತ್ತಿ 2004ರ ಡಿಸೆಂಬರಿನಲ್ಲಿ ಬಂತು. ಇದರಲ್ಲಿ ಜಂಕ್ ಫಿಲ್ಟರ್ ಮತ್ತು ನಿಯಮ ಅಕ್ಕಪಕ್ಕದಲ್ಲೇ ಇದ್ದು, ಈಚಿನ ಆವೃತ್ತಿಗಳಲ್ಲಿ ಪ್ರತಿ ನಿಯಮಕ್ಕೂ ಒಂದು ಪ್ರಶ್ನೆ ಎದುರಾಗುತ್ತದೆ: ಜಂಕ್ ಪರೀಕ್ಷೆಗೆ ಮೊದಲು ನಡೆಯಬೇಕೋ, ಆಮೇಲೋ? ಇದಕ್ಕೆ ಒಂದೇ ಉತ್ತರವಿಲ್ಲ. ಖಚಿತ ವಿಳಾಸದಿಂದ ಬರುವ, ತಪ್ಪಬಾರದ ಮೇಲ್‌ಗೆ ನಿಯಮ ಮೊದಲು. ‘ವಿಷಯದಲ್ಲಿ ದಸರಾ ಎಂದಿದ್ದರೆ ದಸರಾ ಫೋಲ್ಡರಿಗೆ’ ಎಂಬಂಥ ಸಡಿಲ ನಿಯಮ ಜಂಕ್ ಪರೀಕ್ಷೆಯ ನಂತರ. ಇಲ್ಲವಾದರೆ ನವರಾತ್ರಿಯ ಹೊತ್ತಿಗೆ ಬರುವ ಹೋಟೆಲು, ಟೂರು, ಸೀರೆಯ ಜಾಹೀರಾತೆಲ್ಲ ಅದೇ ಫೋಲ್ಡರಿಗೆ ನುಗ್ಗುತ್ತದೆ. ಸರ್ವರ್‌ನಲ್ಲೇ ನಡೆಯುವ ನಿಯಮಗಳಿಗಾಗಿ ರೂಪುಗೊಂಡ ಸೀವ್ ಎಂಬ ಭಾಷೆ 2001ರಲ್ಲಿ ಮಾನಕವಾಯಿತು, 2008ರಲ್ಲಿ ಪರಿಷ್ಕರಣೆಗೊಂಡಿತು. ನಮ್ಮ ಕಂಪ್ಯೂಟರು ಆಫ್ ಆಗಿದ್ದರೂ ವಿಂಗಡಣೆ ನಡೆಯುವುದು ಇದರ ಲಾಭ.

ಅಷ್ಟರಲ್ಲಿ ಬಹುಪಾಲು ಜನ ವೆಬ್‌ಮೇಲ್‌ಗೆ ಹೋಗಿದ್ದರು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ 1996ರಲ್ಲಿ ಹಾಟ್‌ಮೇಲ್ ತಂದರು. 2004ರ ಏಪ್ರಿಲ್ 1ರಂದು 1 ಜಿಬಿ ಜಾಗದೊಂದಿಗೆ ಜಿಮೇಲ್ ಬಂತು. ಫಿಲ್ಟರ್ ಕಲಿಯುವುದು ಈಗ ಒಬ್ಬರ ಮೇಲ್‌ನಿಂದಲ್ಲ, ‘ಇದು ಸ್ಪ್ಯಾಮ್’ ಎಂದು ಕೋಟ್ಯಂತರ ಜನ ಒತ್ತಿದ ಗುಂಡಿಯಿಂದ. ಹಾಗಾಗಿ ಸ್ಪ್ಯಾಮ್ ಹಿಡಿಯಲು ಕೈಯಾರೆ ನಿಯಮ ಬರೆಯುವುದು ಈಗ ದಂಡ.

ಹೆಸರಿಗೆ ಮೋಸ, ಡೊಮೇನಿಗೆ ಪುರಾವೆ

ಕಳಿಸಿದವರು ನಿಜವಾಗಿ ಅವರೇನಾ ಎಂದು ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಏರ್ಪಾಡುಗಳು ಕಳೆದ ಎರಡು ದಶಕಗಳಲ್ಲಿ ಒಂದರ ಹಿಂದೊಂದು ಬಂದವು. 2024ರ ಫೆಬ್ರುವರಿಯಿಂದ, ದೊಡ್ಡ ಸಂಖ್ಯೆಯಲ್ಲಿ (ಗೂಗಲ್ ಲೆಕ್ಕದಲ್ಲಿ ದಿನಕ್ಕೆ 5,000ದಷ್ಟು) ಮೇಲ್ ಕಳಿಸುವವರಿಗೆ ಇವನ್ನು ಗೂಗಲ್ ಮತ್ತು ಯಾಹೂ ಕಡ್ಡಾಯ ಮಾಡಿದವು. ಭಾರತದ ಬ್ಯಾಂಕುಗಳಿಗೆಂದೇ ‘ಡಾಟ್ ಬ್ಯಾಂಕ್ ಡಾಟ್ ಇನ್’ ಡೊಮೇನನ್ನು ರಿಸರ್ವ್ ಬ್ಯಾಂಕ್ 2025ರಲ್ಲಿ ಪ್ರಕಟಿಸಿ, ಆ ವರ್ಷದ ಅಕ್ಟೋಬರ್ 31ರೊಳಗೆ ಬದಲಾಗಲು ಗಡುವು ಕೊಟ್ಟಿತು.

ನಿಯಮ ಬರೆಯುವವರಿಗೆ ಇದರಿಂದ ಒಂದು ಪಾಠವಿದೆ. ಜಿಮೇಲ್‌ನಲ್ಲಿ ‘ಇವರಿಂದ’ ಎಂಬ ಜಾಗದಲ್ಲಿ ಬರೀ ಬ್ಯಾಂಕಿನ ಹೆಸರು ಹಾಕಿ, ‘ಎಂದೂ ಸ್ಪ್ಯಾಮ್‌ಗೆ ಕಳಿಸಬೇಡ’ ಎಂದು ಗುರುತು ಮಾಡಿದರೆ, ಆ ಹೆಸರು ಹಾಕಿಕೊಂಡು ಬರುವ ವಂಚಕನಿಗೂ ಬಾಗಿಲು ತೆರೆದಂತೆ. ಹುಡುಕಾಟ ವಿಳಾಸದ ಜೊತೆಗೆ ಕಾಣಿಸುವ ಹೆಸರನ್ನೂ ನೋಡುತ್ತದೆ. ಆದ್ದರಿಂದ ನಿಯಮದಲ್ಲಿ ಇರಬೇಕಾದ್ದು ಡೊಮೇನು ಸಹಿತ ಪೂರ್ತಿ ವಿಳಾಸ. ಕಂಪನಿಯ ಹೆಸರಿನಲ್ಲಿ ನೌಕರಿ ಕೊಡಿಸುತ್ತೇವೆ ಎನ್ನುವ ಮೇಲ್‌ಗಳಿಗೂ ಇದೇ ಮಾತು. ಮೈಸೂರಿನಲ್ಲಿ ದೊಡ್ಡ ತರಬೇತಿ ಕೇಂದ್ರವಿರುವ ಇನ್ಫೋಸಿಸ್ ಸೇರಿದಂತೆ ಹಲವು ಕಂಪನಿಗಳು ನೇಮಕಾತಿಗೆ ಹಣ ಕೇಳುವುದಿಲ್ಲವೆಂದು ತಮ್ಮ ಜಾಲತಾಣಗಳಲ್ಲೇ ಎಚ್ಚರಿಸಿವೆ.

ಮೈಸೂರಿನ ತೊಡಕು, ಕನ್ನಡದ ತೊಡಕು

ನಿಯಮಗಳಿಗೆ ವಯಸ್ಸಾಗುತ್ತದೆ ಎಂಬುದಕ್ಕೆ ಮೈಸೂರಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1913ರಲ್ಲಿ ಹುಟ್ಟಿದ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹೆಸರಿನಲ್ಲಿ ಬರೆದಿಟ್ಟ ನಿಯಮಗಳು ಅಂದಿನಿಂದ ನಿರುಪಯೋಗಿ. ಊರಿನ ಹೆಸರೂ ಹಾಗೆಯೇ. 2014ರ ನವೆಂಬರ್ 1ರಿಂದ ಇಂಗ್ಲಿಷ್ ಕಾಗುಣಿತ ಬದಲಾದರೂ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್ ಹೆಸರಿನಲ್ಲಿ ಹಳೆಯದೇ ಉಳಿದಿದೆ. ಒಂದೇ ಕಾಗುಣಿತ ನಂಬಿದ ನಿಯಮ ಅರ್ಧ ಮೇಲನ್ನು ಬಿಟ್ಟುಬಿಡುತ್ತದೆ. ಹಳೆಯದು, ಹೊಸದು, ಕನ್ನಡದ್ದು, ಮೂರನ್ನೂ ‘ಅಥವಾ’ ಹಾಕಿ ಬರೆಯಬೇಕು.

ಕನ್ನಡದ ಪದ ಹಾಕಿದರೆ ಇನ್ನೊಂದು ಸಿಕ್ಕು. ಜಿಮೇಲ್ ಇಡೀ ಪದವನ್ನೇ ಹುಡುಕುತ್ತದೆ, ಪದದ ತುಂಡನ್ನಲ್ಲ. ಹಾಗಾಗಿ ‘ಮೈಸೂರು’ ಎಂಬ ನಿಯಮಕ್ಕೆ ‘ಮೈಸೂರಿನ’, ‘ಮೈಸೂರಿಗೆ’, ‘ಮೈಸೂರಲ್ಲಿ’ ಸಿಗುವುದಿಲ್ಲ. ಥಂಡರ್‌ಬರ್ಡ್‌ನ ‘ಒಳಗೊಂಡಿದೆ’ ನಿಯಮ ತುಂಡನ್ನೂ ಹಿಡಿಯುವುದರಿಂದ ಅಲ್ಲಿ ‘ಮೈಸೂರ’ ಎಂದಷ್ಟೇ ಬರೆದರೆ ಎಲ್ಲ ರೂಪಗಳೂ ಬರುತ್ತವೆ. ಪದ ಎಣಿಸುವ ಬೇಯ್ಸ್ ಫಿಲ್ಟರಿಗೂ ವಿಭಕ್ತಿ ಹತ್ತಿದ ಪ್ರತಿ ರೂಪ ಬೇರೆ ಪದವೇ, ಅದಕ್ಕೆ ಕನ್ನಡ ಕಲಿಯಲು ಹೆಚ್ಚು ಮೇಲ್ ಬೇಕು. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿ ಅಂಟಿಸಿದ ಪಠ್ಯವಂತೂ ಅದಕ್ಕೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಕನ್ನಡ ಮೇಲ್‌ಗಳ ಮಟ್ಟಿಗೆ ಪದದ ಬದಲು ಕಳಿಸಿದವರ ವಿಳಾಸದ ಮೇಲೆ ನಿಯಮ ಕಟ್ಟುವುದೇ ಜಾಣತನ.

ಕಾನೂನು ಎಲ್ಲಿದೆ?

ಅಮೆರಿಕ 2003ರಲ್ಲೇ ಸ್ಪ್ಯಾಮ್ ಕಾಯ್ದೆ ಮಾಡಿತು. ನಮ್ಮಲ್ಲಿ ಕಿರಿಕಿರಿಯ ಮೇಲ್ ಬಗ್ಗೆ ಮಾತಾಡಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಮಾಡಿತು. ಆ ತೀರ್ಪು ಸರಿಯೇ. ಆದರೆ ಸ್ಪ್ಯಾಮ್ ಮೇಲ್‌ಗೆಂದೇ ಬೇರೆ ಕಾಯ್ದೆ ಬರಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಾವಳಿ ಕರೆ ಮತ್ತು ಎಸ್ಸೆಮ್ಮೆಸ್ಸಿಗಷ್ಟೇ. ಮೇಲ್ ನಂಬಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಒಟ್ಟು ಮಾತು ಇಷ್ಟು. ಬೇಡದ ಮೇಲನ್ನು ಫಿಲ್ಟರಿಗೆ ಬಿಡಿ, ಅದು ತಪ್ಪಿದಾಗ ‘ಸ್ಪ್ಯಾಮ್’, ‘ಸ್ಪ್ಯಾಮ್ ಅಲ್ಲ’ ಎರಡನ್ನೂ ಒತ್ತಿ ಕಲಿಸಿ. ತಪ್ಪಬಾರದ ನಾಲ್ಕಾರು ವಿಳಾಸಗಳಿಗೆ ಮಾತ್ರ ನಿಯಮ ಬರೆಯಿರಿ, ವರ್ಷಕ್ಕೊಮ್ಮೆ ಅವನ್ನು ತಿರುಗಿ ನೋಡಿ. ವಾರಕ್ಕೊಮ್ಮೆ ಸ್ಪ್ಯಾಮ್ ಫೋಲ್ಡರ್ ತೆರೆಯಿರಿ: ಜಿಮೇಲ್‌ನಲ್ಲಿ ಅಲ್ಲಿಗೆ ಬಿದ್ದ ಮೇಲ್ 30 ದಿನಗಳ ನಂತರ ತಾನಾಗಿಯೇ ಅಳಿಸಿಹೋಗುತ್ತದೆ.