ಹಂಚಿನ ಮೇಲಿನ ಇಸವಿ



ಕಳೆದ ತಿಂಗಳು ನಮ್ಮ ದೊಡ್ಡಪ್ಪನ ಮೊಮ್ಮಗಳು ರಾಣೆಬೆನ್ನೂರಿನಿಂದ ಒಂದು ಮೌಲ್ಯಮಾಪನ ವರದಿಯನ್ನು ಹಿಡಿದು ಬಂದಿದ್ದಳು. ಬ್ಯಾಡಗಿಯಲ್ಲಿರುವ ಹಿರಿಯರ ಮನೆ ಪಾಲಾಗಬೇಕಿದೆ. ಮನೆಯನ್ನು ಅವಳ ಅಣ್ಣ ಉಳಿಸಿಕೊಳ್ಳುತ್ತಾನೆ. ಇವಳಿಗೆ ಪಾಲಿನ ಹಣ ಕೊಡಬೇಕು. 2005ರ ತಿದ್ದುಪಡಿಯ ಬಳಿಕ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಉಂಟೆಂಬುದು ನಿಮಗೆ ತಿಳಿದದ್ದೇ. ವರದಿಯಲ್ಲಿ ಮನೆಯ ವರ್ಣನೆ ಒಂದೇ ಸಾಲು: ‘1865ರ ಕಚ್ಚಾ ಕಟ್ಟಡ, ಹಂಚಿನ ಛಾವಣಿ.’ ನಿವೇಶನಕ್ಕೆ ಬೆಲೆ ಕಟ್ಟಿ, ಕಟ್ಟಡದ ಎದುರು ಸೊನ್ನೆ ಬರೆದಿದ್ದರು.

ಈ ಇಸವಿ ಎಲ್ಲಿಂದ ಬಂತೆಂದು ಕೇಳಿದೆ. “ಹಂಚಿನ ಮ್ಯಾಲೇ ಐತಲ್ರಿ, ಕಾಕಾ” ಎಂದಳು.

ಐತೆ, ಸುಳ್ಳಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು 1865ರಲ್ಲಿ. ಹೆಸರಿನೊಡನೆ ಆ ಇಸವಿಯನ್ನೂ ಹಂಚಿನ ಮೇಲೆ ಅಚ್ಚೊತ್ತಿದರು. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹಂಚಿನದಲ್ಲ, ಮನೆಯದಂತೂ ಅಲ್ಲವೇ ಅಲ್ಲ. ಹುಬ್ಬಳ್ಳಿ–ಹರಿಹರ ರೈಲುದಾರಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಮುಟ್ಟಿದ್ದೇ 1880ರ ದಶಕದಲ್ಲಿ. ಅದಕ್ಕೆ ಮೊದಲು ಕರಾವಳಿಯ ಹಂಚನ್ನು ಘಟ್ಟ ಹತ್ತಿಸಿ ಇಲ್ಲಿಯತನಕ ಎತ್ತಿನ ಗಾಡಿಯಲ್ಲಿ ತರುವಷ್ಟು ಸಿರಿವಂತಿಕೆ ನಮ್ಮ ವಂಶದಲ್ಲಿ ಎಂದೂ ಇರಲಿಲ್ಲ! ಆ ಮುಂಭಾಗವನ್ನು ದೊಡ್ಡಪ್ಪ ಕಟ್ಟಿಸಿದ್ದು ನಮ್ಮ ತಂದೆಯ ಮದುವೆಯ ವರ್ಷ, 1938ರಲ್ಲಿ. ಎಪ್ಪತ್ತಮೂರು ವರ್ಷಗಳ ವ್ಯತ್ಯಾಸ. ಕಟ್ಟಡದ ಬೆಲೆಯಲ್ಲಿ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುವುದರಿಂದ, ಹಳೆಯದೆಂಬ ಹೆಮ್ಮೆಯೇ ಇಲ್ಲಿ ತಂಗಿಯ ಪಾಲನ್ನು ತಿಂದಿತ್ತು.

‘ಹಂಚಿನ ಛಾವಣಿ’ ಎಂಬುದೂ ಅರ್ಧ ಸತ್ಯ. ಹಿಂಭಾಗವೆಲ್ಲ ಮಾಳಿಗೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಹಲಗೆ ಹಾಸಿ ಮಣ್ಣು ಒತ್ತಿದ ಸಮತಟ್ಟಾದ ಮೇಲ್ಮುದ್ದೆ. ಪಶ್ಚಿಮದ ಹಾನಗಲ್ಲಿನಿಂದ ಪೂರ್ವದ ರಾಣೆಬೆನ್ನೂರಿನ ಕಡೆಗೆ ಬಂದಂತೆ ಮಳೆ ಇಳಿಮುಖವಾಗುತ್ತದೆ. ಮಳೆ ಹೆಚ್ಚಿದ್ದಲ್ಲಿ ಇಳಿಜಾರು ಬೇಕು. ಕಡಿಮೆ ಇದ್ದಲ್ಲಿ ಮಾಳಿಗೆ ಸಾಕು, ಮೇಲೆ ಮೆಣಸಿನಕಾಯಿಯನ್ನೂ ಒಣಹಾಕಬಹುದು. ನಡುವಿನ ಬ್ಯಾಡಗಿಯ ಈ ಮನೆಯಲ್ಲಿ ಎರಡೂ ಉಂಟು. ಬಾಲ್ಯದಲ್ಲಿ ಆ ಮಾಳಿಗೆಯ ಬೆಳಕಿಂಡಿಯಿಂದ ಇಣುಕಿ, ಕೆಳಗೆ ಮಜ್ಜಿಗೆ ಕಡೆಯುತ್ತಿದ್ದ ದೊಡ್ಡವ್ವನ ಮೇಲೆ ಮಣ್ಣು ಉದುರಿಸಿ ಬೈಸಿಕೊಂಡವನು ನಾನು.

ಆಕ್ಷೇಪಣೆ ಬರೆದ ಮೇಲೆ ಎರಡನೆಯ ವರದಿ ಬಂತು. ಈ ಸಲ ‘ಚೆಟ್ಟಿನಾಡು ಶೈಲಿಯ ಪಾರಂಪರಿಕ ಭವನ’! ಕೆತ್ತನೆಯ ನಾಲ್ಕು ಕಂಬ ಕಂಡದ್ದೇ ತಡ, ತಮಿಳುನಾಡಿನ ಹೆಸರು. ಹಾವೇರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ‘ಚಾಲುಕ್ಯ ಶೈಲಿ ಎನ್ನಿ ಸಾರ್, ಬೆಲೆ ಏರುತ್ತದೆ’ ಎಂದು ಸಲಹೆ ಕೊಟ್ಟ. ಹಾವೇರಿಯ ಸಿದ್ಧೇಶ್ವರ ದೇವಾಲಯ ಚಾಲುಕ್ಯರದು. ಬಳಪದ ಕಲ್ಲಿನದು, ಪಶ್ಚಿಮಕ್ಕೆ ಮುಖ ಮಾಡಿದೆ. ಆ ಹೆಸರು ಅದಕ್ಕೆ ಒಪ್ಪುತ್ತದೆ. ನಾಗರ, ದ್ರಾವಿಡ, ವೇಸರಗಳು ದೇಗುಲಗಳನ್ನು ವಿಂಗಡಿಸಲು ಹುಟ್ಟಿದ ಮಾತುಗಳು. ಬಚ್ಚಲು, ಹಗೇವು, ದನದ ಕೊಟ್ಟಿಗೆ ಇರುವ ಒಕ್ಕಲು ಮನೆಗೆ ಅವನ್ನು ತೊಡಿಸಿದರೆ ನಗೆಪಾಟಲು. ದೊಡ್ಡ ಹೆಸರಿನ ಮೇಲೆ ಏರಿಸಿದ ಬೆಲೆಯನ್ನು ಅಣ್ಣ ಒಪ್ಪುವನೇ? ಜಗಳ ನ್ಯಾಯಾಲಯಕ್ಕೆ ಹೋಗುತ್ತದೆ, ಅಷ್ಟೆ.

ಹಾಗಾಗಿ ನಾವಿಬ್ಬರೂ ಬ್ಯಾಡಗಿಗೆ ಹೋಗಿ, ಅಣ್ಣನನ್ನೂ ಜೊತೆಗಿಟ್ಟುಕೊಂಡು ಮನೆಯನ್ನು ಅಳೆದೆವು. ಬರೆದುಕೊಂಡದ್ದು ಇಷ್ಟು: 1938ರ ಹಂಚಿನ ಪಡಸಾಲೆ, ಅದಕ್ಕಿಂತ ಹಳೆಯ ಮಾಳಿಗೆಯ ನಡುಮನೆ, ಕಲ್ಲು ಮಣ್ಣಿನ ಗೋಡೆ, ಎರಡೂವರೆ ಅಡಿ ದಪ್ಪ, ಸಾಗವಾನಿ ಕಂಬ ಹನ್ನೆರಡು, ತೊಲೆ ಎಂಟು, 1984ರಲ್ಲಿ ಸೇರಿಸಿದ ಸಿಮೆಂಟಿನ ಅಡುಗೆಮನೆ. ಶೈಲಿಯ ಜಾಗವನ್ನು ಖಾಲಿ ಬಿಟ್ಟೆವು. ಸಾಗವಾನಿಯ ಲೆಕ್ಕ ಕಂಡಾಗ ಅಣ್ಣನ ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಕಂಬಗಳನ್ನು ಎರಡನೆಯ ಸಲ ತಾನೇ ಎಣಿಸಿ, ಕಾಗದಕ್ಕೆ ಸಹಿ ಹಾಕಿದ. ಮೂರನೆಯ ವರದಿ ಇನ್ನೂ ಬರಬೇಕಿದೆ.